ಅದೇ ಐದನೇ ಸಿಂಫನಿ, ಬೇರೆ ಬೇರೆ ಕೈಗಳಲ್ಲಿ

(ಮೈಸೂರಿನಲ್ಲಿ ಸಂಗೀತಾಸಕ್ತರ ಸಣ್ಣ ಕೂಟವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಂದು ಕೇಳಿಸಿದ ತುಣುಕುಗಳನ್ನು ಇಲ್ಲಿ ಕೇಳಿಸುವಂತಿಲ್ಲವಾದ್ದರಿಂದ ಆ ಜಾಗಗಳಲ್ಲಿ ಒಂದಿಷ್ಟು ವಿವರ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಯಾವ ಸಿಂಫನಿಯನ್ನೂ ಪೂರ್ತಿ ಕೇಳಿಸುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಂಫನಿ ಅಂದರೆ ಇಡೀ ಆರ್ಕೆಸ್ಟ್ರಾಕ್ಕೆಂದು ಬರೆದ, ಹಲವು ಭಾಗಗಳ ದೊಡ್ಡ ಕೃತಿ. ಬೀಥೋವನ್ನನ ಐದನೇ ಸಿಂಫನಿಯ ಮೊದಲ ಐದು ಬಾರ್‌ಗಳಿಂದ ಶುರು ಮಾಡೋಣ. ಬಾರ್ ಅಂದರೆ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಎರಡು ಉದ್ದಗೆರೆಗಳ ನಡುವಿನ ಒಂದು ಮನೆ. ಐದು ಮನೆ ದಾಟಲು ಕೆಲವೇ ಸೆಕೆಂಡು ಸಾಕು. ಅದನ್ನೇ ನಾಲ್ಕು ಜನ ಕಂಡಕ್ಟರ್‌ಗಳ, ಅಂದರೆ ಮುಂದೆ ನಿಂತು ಕೈ ಬೀಸಿ ಆರ್ಕೆಸ್ಟ್ರಾ ನಡೆಸುವವರ, ಕೈಯಲ್ಲಿ, ಒಂದಾದ ಮೇಲೊಂದರಂತೆ, ನಡುವೆ ನನ್ನ ಮಾತಿಲ್ಲದೆ ಕೇಳಿ.

(ಕೇಳಿಸಿದ್ದು: ಆರ್ಥರ್ ನಿಕಿಷ್, ಬರ್ಲಿನ್ ಫಿಲ್ಹಾರ್ಮೋನಿಕ್, 1913, ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್, ಅದೇ ಆರ್ಕೆಸ್ಟ್ರಾ, 1947, ಆರ್ಟುರೊ ತೋಸ್ಕನೀನಿ, ಎನ್‌ಬಿಸಿ ಸಿಂಫನಿ, 1952, ಕಾರ್ಲೋಸ್ ಕ್ಲೈಬರ್, ವಿಯೆನ್ನಾ ಫಿಲ್ಹಾರ್ಮೋನಿಕ್, 1974.)

ಮೊದಲನೆಯದು ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಬರುವಂಥದ್ದೇ. ಆಗ ಮೈಕ್ರೋಫೋನ್ ಇರಲಿಲ್ಲ, ಒಂದು ದೊಡ್ಡ ಕೊಳವೆಯ ಬಾಯಿಗೆ ಇಡೀ ಆರ್ಕೆಸ್ಟ್ರಾ ಒತ್ತಿಕೊಂಡು ಕೂತು ನುಡಿಸಬೇಕಿತ್ತು. ಎಂಟು ಬದಿ ತುಂಬಿದ ಆ ತಟ್ಟೆಗಳು ಈ ಸಿಂಫನಿಯ ಬಹಳ ಹಳೆಯ ಪೂರ್ಣ ಧ್ವನಿಮುದ್ರಣಗಳಲ್ಲಿ ಒಂದು. ಆದರೆ ಆ ಕರಕರ ಸದ್ದಿನ ಆಚೆ ಏನು ಕೇಳಿತು? ಆ ‘ಡ ಡ ಡ ಡಾಂ’ ಅನ್ನು ನಿಕಿಷ್ ಒಂದೊಂದಾಗಿ ಎತ್ತಿ ಇಡುತ್ತಾರೆ, ಕೊನೆಯ ಸ್ವರದ ಮೇಲೆ ಆರಾಮವಾಗಿ ಕೂರುತ್ತಾರೆ, ಆಮೇಲೆ ನಿಜವಾದ ವೇಗ ಶುರುವಾಗುತ್ತದೆ. ಅಂದರೆ ಅವರ ಮಟ್ಟಿಗೆ ಈ ಐದು ಬಾರ್ ಬಾಗಿಲ ಮೇಲಿನ ಫಲಕ, ಮನೆ ಅದರ ಒಳಗಿದೆ. ತೋಸ್ಕನೀನಿ ಅದಕ್ಕೆ ಒಪ್ಪುವುದಿಲ್ಲ. ಮೊದಲ ಸ್ವರದಿಂದಲೇ ಓಟ ಶುರು, ನಿಲುಗಡೆಯೂ ಆ ಓಟದ ಒಳಗೇ.

ಈಗ ಸ್ಕೋರ್‌ನಲ್ಲಿ, ಅಂದರೆ ಎಲ್ಲ ವಾದ್ಯಗಳ ಸ್ವರಲಿಪಿ ಒಟ್ಟಿಗೆ ಇರುವ ಪುಸ್ತಕದಲ್ಲಿ, ಏನಿದೆ ನೋಡೋಣ. ಪರದೆಯ ಮೇಲಿರುವುದು ಅದೇ. ಮೊದಲ ಬಾರ್‌ನ ಮೊದಲ ಗುರುತು ಸ್ವರವಲ್ಲ, ಮೌನ. ಒಂದು ಗಿಡ್ಡ ಸ್ವರದಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಮೂರು ಗಿಡ್ಡ ಸ್ವರ, ಒಂದು ಉದ್ದ ಸ್ವರ. ಉದ್ದ ಸ್ವರದ ನೆತ್ತಿಯ ಮೇಲೆ ಕಮಾನು ಮತ್ತು ಚುಕ್ಕಿ: ಇಲ್ಲಿ ನಿಲ್ಲಿ ಎಂದು. ಎಷ್ಟು ಹೊತ್ತು? ಬರೆದಿಲ್ಲ. ಮತ್ತೆ ಅದೇ ಮೂರು ಗಿಡ್ಡ, ಒಂದು ಉದ್ದ, ಮತ್ತೆ ನಿಲುಗಡೆ. ಆದರೆ ಎರಡನೆಯ ಉದ್ದ ಸ್ವರ ಮೊದಲನೆಯದಕ್ಕಿಂತ ಒಂದು ಬಾರ್ ಹೆಚ್ಚು ಉದ್ದ. ಬೀಥೋವನ್ ಬೇಕೆಂದೇ ಒಂದು ಬಾರ್ ಸೇರಿಸಿದ್ದಾನೆ. ನುಡಿಸುವುದು ತಂತಿವಾದ್ಯಗಳು ಮತ್ತು ಕ್ಲಾರಿನೆಟ್ ಮಾತ್ರ, ಎಲ್ಲರೂ ಅದೇ ಸ್ವರ.

ಕಂಡಕ್ಟರ್‌ಗಳಿಗೆ ಇದು ಕಷ್ಟದ ಜಾಗ. ಕೈ ಬೀಸುವುದು ಮೌನದ ಮೇಲೆ, ಸದ್ದು ಬರುವುದು ಬೀಸಿದ ಮೇಲೆ. ಐವತ್ತು ಅರವತ್ತು ಜನ ಒಟ್ಟಿಗೆ ಆ ಅಂತರ ಹಿಡಿಯಬೇಕು. ಹಿಡಿಯದಿದ್ದರೆ ಮೂರು ಸ್ವರಗಳೂ ಉರುಳಿಹೋಗಿ, ಮೊದಲ ಸ್ವರವೇ ಘಾತದ ಮೇಲೆ ಬಿದ್ದಂತೆ ಕೇಳುತ್ತದೆ. ಮನೆಗೆ ಹೋಗಿ ನಿಮ್ಮಲ್ಲಿರುವ ರೆಕಾರ್ಡಿಂಗ್ ಹಾಕಿದಾಗ ಮೊದಲು ಇಷ್ಟನ್ನೇ ಗಮನಿಸಿ: ಆ ಮೌನ ಕೇಳುತ್ತದೆಯೇ? ಎರಡನೆಯ ನಿಲುಗಡೆ ಮೊದಲನೆಯದಕ್ಕಿಂತ ನಿಜವಾಗಿ ಉದ್ದವಿದೆಯೇ? ಎರಡನ್ನೂ ಸಮಸಮ ಹಿಡಿಯುವವರಿದ್ದಾರೆ. ಆಗ ಬೀಥೋವನ್ ಬರೆದ ಆ ಹೆಚ್ಚಿನ ಬಾರ್ ವ್ಯರ್ಥವಾದಂತೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇ ಎನಿಸಬಹುದು. ಇವತ್ತು ನಾನು ಹೇಳಬೇಕೆಂದಿರುವುದು ಹೆಚ್ಚು ಕಡಿಮೆ ಇದೊಂದೇ. ಧ್ವನಿಮುದ್ರಣಗಳನ್ನು ಹೋಲಿಸುವಾಗ ‘ಯಾವುದು ಶ್ರೇಷ್ಠ’ ಎಂದು ಕೇಳಿಕೊಂಡು ಕೂತರೆ ಸಂಗೀತ ಕೈಗೆ ಸಿಗುವುದಿಲ್ಲ. ಕಂಡಕ್ಟರ್ ಒಂದು ತೀರ್ಮಾನ ತೆಗೆದುಕೊಳ್ಳಲೇಬೇಕಾದ ಜಾಗವನ್ನು ಹುಡುಕಿ. ಸ್ಕೋರ್ ಅಲ್ಲಿ ಅರ್ಧ ಹೇಳಿ ಸುಮ್ಮನಾಗಿರುತ್ತದೆ. ಉಳಿದರ್ಧವನ್ನು ಯಾರು ಹೇಗೆ ತುಂಬಿದರು ಎಂದು ಕೇಳಿ. ನಮ್ಮ ಕಚೇರಿಗಳನ್ನು ಕೇಳಿ ಬೆಳೆದವರಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಒಂದೇ ಕೃತಿಗೆ ಎರಡು ಪಾಠಾಂತರ, ಬೇರೆ ಬೇರೆ ಸಂಗತಿ, ನೆರವಲ್ಲು, ಕಲ್ಪನಾಸ್ವರ ಎಲ್ಲ ನಮಗೆ ಸಹಜ. ವ್ಯತ್ಯಾಸ ದೊಡ್ಡದಾಗಿ, ಎದುರಿಗೇ ಇರುತ್ತದೆ. ಅದೇ ಕಿವಿ ಹಿಡಿದುಕೊಂಡು ಎರಡು ಬೀಥೋವನ್ ಕೇಳಿದರೆ ‘ಎರಡೂ ಒಂದೇ ಥರ ಇದೆಯಲ್ಲ’ ಎನಿಸುವುದು ತಪ್ಪಲ್ಲ. ಅಲ್ಲಿ ಒಂದು ಸ್ವರವೂ ಬದಲಾಗುವುದಿಲ್ಲ. ಹಾಗಾಗಿ ವ್ಯತ್ಯಾಸ ಅಡಗುವುದು ಸಣ್ಣ ಜಾಗಗಳಲ್ಲಿ.

ವೇಗದ ವಿಷಯಕ್ಕೆ ಬರೋಣ. ಹೋಲಿಕೆ ಎಂದೊಡನೆ ಎಲ್ಲರೂ ಮೊದಲು ಹಿಡಿಯುವುದು ಇದನ್ನೇ, ಅಳೆಯಲು ಸುಲಭ ನೋಡಿ. ಮೆಲ್ಟ್ಸೆಲ್ ಎಂಬಾತನ ಹೆಸರಲ್ಲಿ ಮೆಟ್ರೋನೋಮ್, ಅಂದರೆ ಟಿಕ್ ಟಿಕ್ ಎಂದು ವೇಗ ತೋರಿಸುವ ಯಂತ್ರ, ಚಾಲ್ತಿಗೆ ಬಂದ ಮೇಲೆ, 1817ರಲ್ಲಿ ಬೀಥೋವನ್ ತನ್ನ ಅದುವರೆಗಿನ ಎಂಟೂ ಸಿಂಫನಿಗಳಿಗೆ ವೇಗದ ಅಂಕೆ ಕೊಟ್ಟ. ಐದನೆಯದರ ಮೊದಲ ಭಾಗಕ್ಕೆ ನಿಮಿಷಕ್ಕೆ 108 ಬಾರ್. ಈ ಭಾಗದಲ್ಲಿ ಒಟ್ಟು 502 ಬಾರ್‌ಗಳಿವೆ. ಮೊದಲ 124 ಬಾರ್‌ಗಳನ್ನು ಮತ್ತೊಮ್ಮೆ ನುಡಿಸಿ ಎಂಬ ಸೂಚನೆಯೂ ಇದೆ. ಲೆಕ್ಕ ಹಾಕಿ: 626 ಬಾರ್, 108ರಿಂದ ಭಾಗಿಸಿದರೆ 5 ನಿಮಿಷ 48 ಸೆಕೆಂಡು. ನಿಲುಗಡೆಗಳಿಗೆ, ನಡುವೆ ಓಬೋ ಎಂಬ ಊದುವ ವಾದ್ಯ ಒಂಟಿಯಾಗಿ ನುಡಿಸುವ ಸೋಲೋಗೆ ಇನ್ನಷ್ಟು ಸೇರಿಸಿಕೊಳ್ಳಿ. ಬೆಂಕಿಯಂಥದ್ದು ಎಂದು ಎಲ್ಲರೂ ಕೊಂಡಾಡುವ ಕಾರ್ಲೋಸ್ ಕ್ಲೈಬರ್ ಅವರ ರೆಕಾರ್ಡಿಂಗ್‌ನಲ್ಲೂ ಈ ಭಾಗ ಏಳು ನಿಮಿಷ ದಾಟುತ್ತದೆ! ಒಟ್ಟೋ ಕ್ಲೆಂಪರರ್ ಕೈಯಲ್ಲಿ ಇನ್ನೂ ನಿಧಾನ, ಕಲ್ಲು ಹೊತ್ತು ಮೆಟ್ಟಿಲು ಹತ್ತಿದ ಹಾಗೆ.

ಹಾಗಾದರೆ ಬೀಥೋವನ್ ಕೊಟ್ಟ ಅಂಕೆಯ ಗತಿ ಏನು? ಬಹಳ ಕಾಲ ಕಂಡಕ್ಟರ್‌ಗಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೆಟ್ರೋನೋಮ್ ಕೆಟ್ಟಿತ್ತು ಅಂದರು, ಕಿವುಡನಾದ ಮೇಲೆ ಕೊಟ್ಟ ಅಂಕೆ ಅಂದರು. 1980ರ ದಶಕದಲ್ಲಿ ರೋಜರ್ ನಾರಿಂಗ್ಟನ್ ಲಂಡನ್ ಕ್ಲಾಸಿಕಲ್ ಪ್ಲೇಯರ್ಸ್ ಜೊತೆ ಆ ಅಂಕೆಗಳನ್ನೇ ಹಿಡಿದು ನುಡಿಸಿ ತೋರಿಸಿದರು. ಜಾನ್ ಎಲಿಯಟ್ ಗಾರ್ಡಿನರ್ 1990ರ ದಶಕದಲ್ಲಿ ಅದೇ ದಾರಿ ಹಿಡಿದರು. ಪ್ರಾಣಿಗಳ ಕರುಳಿನ ತಂತಿ, ಆ ಕಾಲದ ಊದುವ ವಾದ್ಯಗಳು, ಸಣ್ಣ ತಂತಿವರ್ಗ. ಭಾರ ಕಡಿಮೆಯಿದ್ದರೆ ಓಡುವುದು ಸುಲಭ ಎಂದು ಅಲ್ಲಿ ಗೊತ್ತಾಗುತ್ತದೆ. ವೇಗವೆಂಬುದು ಕಂಡಕ್ಟರ್‌ನ ಮನೋಧರ್ಮ ಮಾತ್ರವಲ್ಲ, ಎಷ್ಟು ಜನ ಕೂತಿದ್ದಾರೆ, ಕೈಯಲ್ಲಿ ಏನು ಹಿಡಿದಿದ್ದಾರೆ ಎಂಬುದೂ ಹೌದು. ‘ಅಸಲಿ ಬೀಥೋವನ್ ಇದೇ’ ಎಂದು ಈ ಪಂಗಡದವರು ಎದೆ ತಟ್ಟಿಕೊಂಡಾಗ ಮಾತ್ರ ನನಗೆ ರೇಜಿಗೆ. ಆದರೆ ಅವರು ಬಂದ ಮೇಲೆ ಉಳಿದವರೆಲ್ಲ ಆ ಅಂಕೆಗಳಿಗೆ ಒಂದಲ್ಲ ಒಂದು ಉತ್ತರ ಕೊಡಲೇಬೇಕಾಯಿತು, ಅದು ದೊಡ್ಡದು.

ಒಂದು ಎಚ್ಚರಿಕೆ. ಸಿಡಿಯ ಹಿಂದೆ ಅಚ್ಚಾದ ನಿಮಿಷಗಳನ್ನು ಪಕ್ಕಪಕ್ಕ ಇಟ್ಟು ‘ಇವರು ವೇಗ, ಇವರು ನಿಧಾನ’ ಎನ್ನಬೇಡಿ. ಮೊದಲ 124 ಬಾರ್‌ಗಳ ಪುನರಾವರ್ತನೆಗೆ ಬೀಥೋವನ್ನನ ಅಂಕೆಯಲ್ಲೇ ಒಂದು ನಿಮಿಷಕ್ಕಿಂತ ಹೆಚ್ಚು ಬೇಕು. ಅದನ್ನು ಬಿಟ್ಟವರು ನಿಧಾನವಾಗಿ ನುಡಿಸಿಯೂ ಬೇಗ ಮುಗಿಸಿರುತ್ತಾರೆ.

ಈಗ ನನಗೆ ಬಹಳ ಇಷ್ಟವಾದ ಜಾಗ. ಮೊದಲ ಭಾಗ ಶುರುವಾಗಿ ಒಂದು ನಿಮಿಷಕ್ಕೂ ಮುಂಚೆ, ಗದ್ದಲವೆಲ್ಲ ನಿಂತು ಎರಡು ಹಾರ್ನ್‌ಗಳು, ಅಂದರೆ ಸುರುಳಿ ಸುತ್ತಿದ ಹಿತ್ತಾಳೆಯ ಊದುವ ವಾದ್ಯಗಳು, ಜೋರಾಗಿ ಒಂದು ಕೂಗು ಹಾಕುತ್ತವೆ. 59ನೇ ಬಾರ್. ಅದರ ಬೆನ್ನಿಗೆ ಪಿಟೀಲುಗಳು ಈ ಭಾಗದ ಎರಡನೆಯ ಮುಖ್ಯ ಧಾಟಿಯನ್ನು ಮೃದುವಾಗಿ ಎತ್ತಿಕೊಳ್ಳುತ್ತವೆ. ಮುಂದೆ 303ನೇ ಬಾರ್‌ನಲ್ಲಿ ಅದೇ ಕೂಗು ಮರಳಿ ಬರಬೇಕು, ಈ ಸಲ ಸಿ ಮೇಜರ್ ಎಂಬ ಬೇರೆ ಸ್ವರಶ್ರೇಣಿಯಲ್ಲಿ. ಸ್ಕೋರ್ ತೆಗೆದು ನೋಡಿದರೆ ಅಲ್ಲಿ ಹಾರ್ನ್ ಇಲ್ಲ. ಎರಡು ಬಸೂನ್‌ಗಳಿಗೆ, ಅಂದರೆ ಮರದ ಉದ್ದ ಊದುವ ವಾದ್ಯಗಳಿಗೆ, ಕೊಟ್ಟಿದ್ದಾನೆ. ಹಾರ್ನ್ ಮುಂದೆ ಬಸೂನ್ ದನಿ ಒಣಕಲು, ಸ್ವಲ್ಪ ಮೂಗಿನದು. ಸಿಂಹದ ಕೂಗನ್ನು ಗುಮಾಸ್ತರು ಓದಿ ಹೇಳಿದಂತೆ ಎಂದು ಕೆಲವರಿಗೆ ಅನಿಸಿದೆ.

ಯಾಕೆ ಹೀಗೆ ಮಾಡಿದ? ಸುಲಭದ ಉತ್ತರ ಉಂಟು. ಈ ಸಿಂಫನಿ ಬಂದ 1808ರ ಹಾರ್ನ್‌ಗೆ ವಾಲ್ವ್, ಅಂದರೆ ಬೆರಳಿನಿಂದ ಒತ್ತಿ ಸ್ವರ ಬದಲಿಸುವ ಕೀಲಿ, ಇರಲಿಲ್ಲ, ಅದು ಬಂದದ್ದು ಮುಂದಿನ ದಶಕದಲ್ಲಿ. ಶ್ರುತಿ ಬದಲಿಸಬೇಕಾದರೆ ಕೊಳವೆಯ ಒಂದು ಸುರುಳಿ ಕಳಚಿ ಇನ್ನೊಂದು ಸಿಕ್ಕಿಸಬೇಕು. ಇ ಫ್ಲಾಟ್ ಶ್ರುತಿಯಲ್ಲಿ ಕೂತ ಹಾರ್ನ್‌ಗೆ ಸಿ ಮೇಜರ್‌ನ ಈ ಕೂಗು ಹಾಗೇ ಎಟಕುವುದಿಲ್ಲ. ವಾಲ್ವ್ ಬಂದ ಮೇಲೆ ಆ ಅಡ್ಡಿ ಎಲ್ಲಿ, ಬೀಥೋವನ್ ಇದ್ದಿದ್ದರೆ ಹಾರ್ನ್‌ಗೇ ಕೊಡುತ್ತಿದ್ದ ಎಂದು ವಾದಿಸಿ ಇಪ್ಪತ್ತನೇ ಶತಮಾನದ ಹಲವು ಕಂಡಕ್ಟರ್‌ಗಳು ಬಸೂನ್ ತೆಗೆದು ಹಾರ್ನ್ ಹಾಕಿದರು, ಕೆಲವರು ಎರಡನ್ನೂ ಸೇರಿಸಿದರು. ಬಹುಕಾಲ ಇದೇ ರೂಢಿ.

ಈ ವಾದ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಇದಕ್ಕೆ ಕೆಲವೇ ವರ್ಷ ಮುಂಚೆ ಬರೆದ ಮೂರನೇ ಸಿಂಫನಿಯಲ್ಲಿ, ಅಂದರೆ ‘ಎರೋಯಿಕಾ’ದಲ್ಲಿ, ಇದೇ ಬೀಥೋವನ್ ಮೊದಲ ಹಾರ್ನ್‌ನವನಿಗೆ ಸುರುಳಿ ಬದಲಿಸಿಕೊಳ್ಳಲು ಬಿಡುವು ಕೊಟ್ಟು, ಎಫ್‌ನಲ್ಲಿ ಒಂದು ಸೊಗಸಾದ ಸೋಲೋ ಬರೆದಿದ್ದಾನೆ. ದಾರಿ ಗೊತ್ತಿಲ್ಲದವನಲ್ಲ. ಇಲ್ಲಿ ಬೇಕೆಂದೇ ಬಸೂನ್ ಕರೆದನೇ? ಹೊರಗಿನ ಕೂಗು ಎರಡನೇ ಸಲ ಒಳಗಿನದಾಗಿ ಕೇಳಲಿ ಎಂದೇ? ನಾರಿಂಗ್ಟನ್, ಗಾರ್ಡಿನರ್ ಬಸೂನ್ ಉಳಿಸಿಕೊಂಡಿದ್ದಾರೆ. ಸುತ್ತ ತಂತಿವಾದ್ಯ ಕಡಿಮೆಯಿರುವುದರಿಂದ, ಹಳೆಯ ಬಸೂನ್‌ನ ದನಿಯಲ್ಲಿ ಒರಟು ಹೆಚ್ಚಿರುವುದರಿಂದ ಅಲ್ಲಿ ಅದು ಬಡವಾಗಿ ಕೇಳುವುದೇ ಇಲ್ಲ.

ನಿಮ್ಮ ಮನೆಯಲ್ಲಿರುವ ರೆಕಾರ್ಡಿಂಗ್‌ನಲ್ಲಿ ಏನಿದೆ ಎಂದು ನಾನು ಹೇಳುವುದಿಲ್ಲ. ಇವತ್ತು ರಾತ್ರಿಯೇ ನೋಡಿ. ಸ್ಕೋರ್ ಬೇಡ: ಓಬೋ ಒಂಟಿಯಾಗಿ ಹಾಡಿಕೊಳ್ಳುವ ಜಾಗ ಬರುತ್ತದಲ್ಲ, ಅದಾಗಿ ಸ್ವಲ್ಪ ಹೊತ್ತಿಗೇ ಈ ಕೂಗು. ಮಿಕ್ಕ ವಿಮರ್ಶೆಗಳನ್ನೆಲ್ಲ ಬದಿಗಿಡಿ, ಈ ಕೆಲವು ಸೆಕೆಂಡು ಕೇಳಿದರೆ ಆ ಕಂಡಕ್ಟರ್ ಸ್ಕೋರ್ ಎದುರು ಹೇಗೆ ಕೂರುವವರು ಎಂದು ಅಂದಾಜು ಸಿಕ್ಕಿಬಿಡುತ್ತದೆ.

ಮೂರನೇ ಭಾಗದಿಂದ ನಾಲ್ಕನೆಯದಕ್ಕೆ ದಾಟುವ ಸೇತುವೆಯೂ ಇಂಥದ್ದೇ. ತಂತಿಗಳು ಒಂದೇ ಸ್ವರ ಹಿಡಿದು ನಿಂತಿವೆ, ಟಿಂಪಾನಿ ಎಂಬ ನಗಾರಿ ಮೆಲ್ಲಗೆ ಬಡಿಯುತ್ತಿದೆ. ಐವತ್ತು ಬಾರ್ ಹತ್ತಿರ ಹೀಗೇ ಪಿಸುಮಾತು. ದನಿ ಏರಿಸುವ ಗುರುತು ಇರುವುದು ಕೊನೆಯ ಏಳೆಂಟು ಬಾರ್‌ಗಳಿಗೆ ಮಾತ್ರ. ಆಮೇಲೆ ಇಡೀ ಆರ್ಕೆಸ್ಟ್ರಾ ಸಿ ಮೇಜರ್‌ನಲ್ಲಿ ಸ್ಫೋಟ, ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಟ್ರಂಬೋನ್ ಎಂಬ ಹಿತ್ತಾಳೆ ವಾದ್ಯಗಳೂ ಸೇರಿ. ತಡೆದುಕೊಳ್ಳಲಾಗದೆ ಮುಂಚೆಯೇ ಏರಿಸುವವರು ಬಹಳ. ಫುರ್ಟ್‌ವೆಂಗ್ಲರ್ ಇಲ್ಲಿ ಕಾಲವನ್ನೇ ಎಳೆದು ಹಿಡಿಯುತ್ತಾರೆ. ನಾನು ಕೇಳಿಸಿದ್ದು ಅವರು ಯುದ್ಧದ ನಂತರ, ನಾಜಿ ನಂಟಿನ ಬಗೆಗಿನ ವಿಚಾರಣೆ ಮುಗಿದು, ಬರ್ಲಿನ್ ಫಿಲ್ಹಾರ್ಮೋನಿಕ್ ಮುಂದೆ ಮತ್ತೆ ನಿಂತ 1947ರ ಮೇ ತಿಂಗಳದ್ದು. ಹಳೆಯ ಸಭಾಂಗಣ ಬಾಂಬ್ ದಾಳಿಯಲ್ಲಿ ನೆಲಸಮವಾಗಿತ್ತು, ಕಚೇರಿ ನಡೆದದ್ದು ಟಿಟಾನಿಯಾ ಪಲಾಸ್ಟ್ ಎಂಬ ಸಿನಿಮಾ ಮಂದಿರದಲ್ಲಿ. ಈ ಕತೆ ಗೊತ್ತಿದ್ದು ಕೇಳಿದರೆ ಆ ಸೇತುವೆ ಎದೆ ಹಿಂಡುತ್ತದೆ. ಗೊತ್ತಿಲ್ಲದೆ ಕೇಳಿದರೆ? ನನಗೆ ಖಚಿತವಿಲ್ಲ. ನಾವು ಕೇಳುವುದು ಎಷ್ಟು ಸಂಗೀತವನ್ನು, ಎಷ್ಟು ಕತೆಯನ್ನು ಎಂಬ ಪ್ರಶ್ನೆ ಅಲ್ಲಿ ಎದ್ದೇ ಏಳುತ್ತದೆ.

ಆ ಪ್ರಶ್ನೆಗೆ ಒಂದು ಕ್ರೂರ ಉದಾಹರಣೆ ಉಂಟು. ಇಂಗ್ಲೆಂಡಿನಲ್ಲಿ ಜಾಯ್ಸ್ ಹ್ಯಾಟೊ ಎಂಬ ಪಿಯಾನೊ ವಾದಕಿ ಇದ್ದರು, 2006ರಲ್ಲಿ ತೀರಿಕೊಂಡರು. ಕಾಯಿಲೆಯಿಂದ ವೇದಿಕೆ ಬಿಟ್ಟಿದ್ದ ಅವರ ಹೆಸರಲ್ಲಿ ಗಂಡ ತನ್ನ ಸಣ್ಣ ಕಂಪನಿಯಿಂದ ನೂರಕ್ಕೂ ಹೆಚ್ಚು ಸಿಡಿ ಹೊರತಂದ. ವಿಮರ್ಶಕರು ಹಾಡಿ ಹೊಗಳಿದರು. 2007ರಲ್ಲಿ ಫ್ರಾಂಜ್ ಲಿಸ್ಟ್ ಎಂಬ ಸಂಯೋಜಕನ ಕೃತಿಗಳಿದ್ದ ಅವರ ಒಂದು ಸಿಡಿಯನ್ನು ಯಾರೋ ಕಂಪ್ಯೂಟರ್‌ಗೆ ಹಾಕಿದಾಗ, ಅದು ಬೇರೆ ಪಿಯಾನಿಸ್ಟ್‌ನ ಹೆಸರು ತೋರಿಸಿತು. ಕೆದಕುತ್ತಾ ಹೋದರೆ ಒಂದಾದ ಮೇಲೊಂದು ಇತರರ ರೆಕಾರ್ಡಿಂಗ್‌ಗಳೇ, ಕೆಲವಕ್ಕೆ ವೇಗ ಒಂಚೂರು ಬದಲಿಸಿದ್ದರು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಮುಂದಿದೆ. ಕಾನ್ಚೆರ್ಟೊಗಳ, ಅಂದರೆ ಒಂದು ವಾದ್ಯ ಮುಂದೆ ನಿಂತು ಆರ್ಕೆಸ್ಟ್ರಾ ಜೊತೆಗೂಡುವ ಕೃತಿಗಳ, ಸಿಡಿಯ ಮೇಲೆ ಕಂಡಕ್ಟರ್ ಹೆಸರು ರೆನೆ ಕೋಹ್ಲರ್ ಎಂದು ಅಚ್ಚಾಗಿತ್ತು. ಹಾಗೊಬ್ಬ ಮನುಷ್ಯನೇ ಇರಲಿಲ್ಲ! ಅವನಿಗೊಂದು ಜೀವನಚರಿತ್ರೆ ಬೇರೆ ಹೆಣೆದಿದ್ದರು. ಕವರ್ ಮೇಲಿನ ಹೆಸರು ಕಿವಿಗಿಂತ ಮೊದಲು ಮಾತಾಡುತ್ತದೆ. ಆದ್ದರಿಂದ ಮನೆಯಲ್ಲಿ ಹೋಲಿಸುವಾಗ ಒಮ್ಮೆಯಾದರೂ ಹೆಸರು ಮುಚ್ಚಿಟ್ಟು ಕೇಳಿ. ತುಣುಕುಗಳನ್ನು ಹಾಕುವ ಕೆಲಸ ಮಗಳಿಗೋ ತಮ್ಮನಿಗೋ ಬಿಡಿ. ಅವರಿಗೆ ನಿಮ್ಮ ಪೇಚಾಟ ನೋಡಿ ಖುಷಿಯೂ ಆಗುತ್ತದೆ.

ಇನ್ನೊಂದು ವಿಷಯ. ಕಂಡಕ್ಟರ್‌ಗೆ ನಾವು ಒಪ್ಪಿಸುವ ಎಷ್ಟೋ ಮೆಚ್ಚುಗೆ ಸಲ್ಲಬೇಕಾದದ್ದು ಕಟ್ಟಡಕ್ಕೆ ಮತ್ತು ಮೈಕ್ ಇಟ್ಟವರಿಗೆ. ತೋಸ್ಕನೀನಿ ಎಂದರೆ ಒಣ, ಬಿಗಿ, ಚೂಪು ಎಂಬ ಮಾತಿದೆ. ಅವರ ಅನೇಕ ರೆಕಾರ್ಡಿಂಗ್ ಆದದ್ದು ನ್ಯೂಯಾರ್ಕಿನ ಎನ್‌ಬಿಸಿ ಕಟ್ಟಡದ 8-ಎಚ್ ಸ್ಟುಡಿಯೊದಲ್ಲಿ. ರೇಡಿಯೊಗಾಗಿ ಕಟ್ಟಿದ ಆ ಕೋಣೆಯಲ್ಲಿ ಅನುರಣನವೇ ಇರಲಿಲ್ಲ. ಅಲ್ಲಿ ಯಾರು ನುಡಿಸಿದರೂ ಒಣಗಿಯೇ ಕೇಳಬೇಕು. ಇವತ್ತು ಕೇಳಿಸಿದ 1952ರದ್ದು ಕಾರ್ನೆಗಿ ಹಾಲ್‌ನದು, ಗಾಳಿಯಾಡುವುದು ಗೊತ್ತಾಗುತ್ತದೆ. ಕಂಡಕ್ಟರ್ ಹರ್ಬರ್ಟ್ ಫಾನ್ ಕರಾಯನ್ ಅವರ 1960ರ ದಶಕದ ಆರಂಭದ ಬರ್ಲಿನ್ ಬೀಥೋವನ್‌ಗೆ ಇರುವ ಆ ತುಂಬು ಹೊಳಪಿನಲ್ಲಿ ಆ ಊರಿನ ಡಾಲೆಮ್ ಬಡಾವಣೆಯ ಒಂದು ಚರ್ಚಿನ ಪಾಲೂ ಇದೆ. ಲಂಡನ್ನಿನ ಕಿಂಗ್ಸ್‌ವೇ ಹಾಲ್‌ನಲ್ಲಿ ಮಾಡಿದ ರೆಕಾರ್ಡಿಂಗ್‌ಗಳಂತೂ ತಮಾಷೆ: ಕೆಳಗೆ ಸುರಂಗ ರೈಲು ಓಡುತ್ತಿತ್ತು, ಒಳ್ಳೆಯ ಹೆಡ್‌ಫೋನ್ ಇದ್ದರೆ ಮೆಲುದನಿಯ ಜಾಗಗಳಲ್ಲಿ ಅದರ ಗುಡುಗುಡು ಕೇಳುತ್ತದೆ. ಒಮ್ಮೆ ಕೇಳಿದ ಮೇಲೆ ಕೇಳದೆ ಇರಲು ಆಗುವುದಿಲ್ಲ.

ನಿಮ್ಮ ಮನೆಯೂ ಒಂದು ಸಭಾಂಗಣವೇ. ಪಕ್ಕದ ಮನೆಯ ಮಿಕ್ಸಿ, ಬೀದಿಯ ಸ್ಕೂಟರ್, ಫ್ಯಾನು. ಮೊದಲು ಎರಡು ರೆಕಾರ್ಡಿಂಗ್‌ಗಳ ಸದ್ದಿನ ಮಟ್ಟ ಸರಿಸಮ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿರುವುದು ಹೆಚ್ಚು ಜೀವಂತ ಎನಿಸುವುದು ಕಿವಿಯ ಹುಟ್ಟುಗುಣ, ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಮೊಬೈಲ್ ಆ್ಯಪ್‌ನಲ್ಲಿ ಎಲ್ಲ ಹಾಡುಗಳ ಸದ್ದನ್ನೂ ಒಂದೇ ಮಟ್ಟಕ್ಕೆ ತರುವ ಸೌಲಭ್ಯ ಇರುತ್ತದೆ. ಅದು ಒಂದೊಂದು ಭಾಗವನ್ನೂ ಬೇರೆ ಬೇರೆಯಾಗಿ ಸರಿದೂಗಿಸುತ್ತಿದ್ದರೆ, ಮೆಲ್ಲಗಿನ ಎರಡನೇ ಭಾಗವೂ ಅಬ್ಬರದ ನಾಲ್ಕನೆಯದೂ ಹೆಚ್ಚು ಕಡಿಮೆ ಒಂದೇ ಎತ್ತರಕ್ಕೆ ಬಂದುಬಿಡುತ್ತವೆ. ಅದನ್ನು ಆರಿಸಿಬಿಡಿ. ಆ ಸೇತುವೆ ಬಂದಾಗ ‘ಏನೂ ಕೇಳುತ್ತಿಲ್ಲ’ ಎಂದು ವಾಲ್ಯೂಮ್ ಏರಿಸಬೇಡಿ, ಆಮೇಲೆ ಟ್ರಂಬೋನ್‌ಗಳು ಬಂದಾಗ ಮನೆಯವರೆಲ್ಲ ಎದ್ದು ಕೂರುತ್ತಾರೆ.

ಮೈಸೂರಿನಲ್ಲಿ ನಿಂತು ಈ ಮಾತಾಡುತ್ತಾ ಒಬ್ಬರನ್ನು ನೆನೆಯದಿದ್ದರೆ ಆಗದು. ಜಯಚಾಮರಾಜ ಒಡೆಯರ್. ಕರ್ನಾಟಕ ಸಂಗೀತದ ವಾಗ್ಗೇಯಕಾರರಾಗಿ ಅವರನ್ನು ನೀವೆಲ್ಲ ಬಲ್ಲಿರಿ. ಅವರ ರೆಕಾರ್ಡ್ ಸಂಗ್ರಹ ಸುಮಾರು 20,000 ಎಂದು ಆಗ ಅಂದಾಜು. ರಷ್ಯನ್ ಸಂಯೋಜಕ ನಿಕೊಲಾಯ್ ಮೆಡ್ಟ್‌ನರ್ ಲಂಡನ್ನಿನಲ್ಲಿ ಮರೆಯಾಗಿ ಬದುಕುತ್ತಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದ್ದು ಮಹಾರಾಜರು. ಮೆಡ್ಟ್‌ನರ್ ತಮ್ಮ ಮೂರನೇ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೆ ಅರ್ಪಿಸಿದರು. ರೆಕಾರ್ಡ್ ನಿರ್ಮಾಪಕ ವಾಲ್ಟರ್ ಲೆಗ್ ಕಟ್ಟಿದ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಎಳೆಯ ವರ್ಷಗಳಲ್ಲಿ ನೆರವಾದ್ದೂ ಅವರೇ. 1949ರಲ್ಲಿ ಕರಾಯನ್ ಇದೇ ಆರ್ಕೆಸ್ಟ್ರಾ ಜೊತೆ ರಷ್ಯನ್ ಸಂಯೋಜಕ ಬಾಲಕಿರೆವ್‌ನ ಮೊದಲ ಸಿಂಫನಿ ರೆಕಾರ್ಡ್ ಮಾಡಿದ್ದರ ಹಿಂದೆ ಮೈಸೂರಿನ ದುಡ್ಡಿದೆ.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್‌ನ ‘ನಾಲ್ಕು ಕೊನೆಯ ಹಾಡುಗಳು’ ಮೊದಲ ಬಾರಿ ಹಾಡಲ್ಪಟ್ಟವು. ಸ್ಟ್ರಾಸ್ ಹಿಂದಿನ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಿದ್ದ. ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಟ್, ಆರ್ಕೆಸ್ಟ್ರಾ ಫಿಲ್ಹಾರ್ಮೋನಿಯಾ, ಕಂಡಕ್ಟರ್ ಫುರ್ಟ್‌ವೆಂಗ್ಲರ್. ಇದಕ್ಕೆ 4,800 ಡಾಲರ್ ಜಾಮೀನು ಕೊಟ್ಟದ್ದು ಒಡೆಯರ್. ಹೋಗಲು ಅವರಿಗಾಗಲಿಲ್ಲ, ಅದನ್ನು ಮುದ್ರಿಸಿಕೊಂಡು ತಮಗೆ ಕಳಿಸಬೇಕೆಂದು ಏರ್ಪಾಡು ಮಾಡಿಸಿದ್ದರು. ಆ ಮುದ್ರಣ ಉಳಿದಿದೆ, ಇವತ್ತು ಯಾರು ಬೇಕಾದರೂ ಕೇಳಬಹುದು. ಸದ್ದು ಬಹಳ ಕೆಟ್ಟದಾಗಿದೆ, ಆರ್ಕೆಸ್ಟ್ರಾ ಪಕ್ಕದ ಬೀದಿಯಲ್ಲಿದ್ದಂತೆ. ಆದರೂ ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಆರಂಭ ಯಾವುದಿದೆ? ಹಾಡುಗಳ ಕ್ರಮವೇ ಅಂದು ಬೇರೆ ಇತ್ತು. ಈಗ ಮೊದಲು ಬರುವ ‘ವಸಂತ’ ಅಂದು ಮೂರನೆಯದು.

ಕೊನೆಯ ಹಾಡು ‘ಇಮ್ ಆಬೆಂಡ್‌ರೋಟ್’, ಸಂಜೆಗೆಂಪಿನಲ್ಲಿ. ಬಾಳಿನುದ್ದಕ್ಕೂ ಕೈಹಿಡಿದು ನಡೆದು ದಣಿದ ಇಬ್ಬರು, ಮೇಲೇರುವ ಎರಡು ಬಾನಾಡಿ. ಕೊನೆಗೆ, ಇದೇ ಏನು ಸಾವು ಎಂಬ ಪ್ರಶ್ನೆ. ಆ ಪ್ರಶ್ನೆಯ ಬೆನ್ನಿಗೆ ಸ್ಟ್ರಾಸ್ ತಾನೇ ಅರವತ್ತು ವರ್ಷ ಹಿಂದೆ ಸಾವಿನ ಬಗ್ಗೆ ಬರೆದ ವಾದ್ಯಕೃತಿಯ ಒಂದು ಎಳೆಯನ್ನು ತಂದು ಕೂರಿಸುತ್ತಾನೆ. ಲೀಸಾ ಡೆಲ್ಲಾ ಕಾಸಾ ಹಾಡಿ ಕಾರ್ಲ್ ಬ್ಯೋಮ್ ನಡೆಸಿದ 1953ರ ರೆಕಾರ್ಡಿಂಗ್‌ನಲ್ಲಿ ಈ ಹಾಡು ಆರು ನಿಮಿಷದ ಆಸುಪಾಸು. ಜೆಸ್ಸಿ ನಾರ್ಮನ್ ಹಾಡಿ ಕುರ್ಟ್ ಮಸೂರ್ ನಡೆಸಿದ 1982ರದ್ದರಲ್ಲಿ ಹತ್ತಿರ ಹತ್ತಿರ ಹತ್ತು ನಿಮಿಷ. ಅದೇ ಪುಟಗಳು, ಅವೇ ಸ್ವರಗಳು!

ಇಷ್ಟು ನಿಧಾನ ಯಾರ ತೀರ್ಮಾನ? ಮಸೂರ್ ಅವರದೇ? ನಾರ್ಮನ್ ಅವರ ಉಸಿರಿನದೇ? ಆ ಉಸಿರು ಇಲ್ಲದ ಗಾಯಕಿಗೆ ಈ ವೇಗದಲ್ಲಿ ಒಂದು ಸಾಲನ್ನೂ ಮುಗಿಸಲಾಗದು. ಪತ್ತೆ ಹಚ್ಚಲು ಒಂದು ದಾರಿ ಇದೆ. ಹಾಡು ಶುರುವಾಗುವ ಮುಂಚೆ ಆರ್ಕೆಸ್ಟ್ರಾದ್ದೇ ಒಂದು ದೀರ್ಘ ಪೀಠಿಕೆ ಇದೆ. ಅದು ಪೂರ್ತಿ ಕಂಡಕ್ಟರ್ ರಾಜ್ಯ. ಅದನ್ನೊಮ್ಮೆ ಕೇಳಿ, ಗಾಯಕಿ ಬಂದ ಮೇಲೆ ನಡೆ ಬದಲಾಯಿತೇ ನೋಡಿ. ಮಸೂರ್ ಪೀಠಿಕೆಯನ್ನೇ ನಾರ್ಮನ್ ಅವರಿಗೆ ಬೇಕಾದ ಅಳತೆಗೆ ಹಾಸಿಟ್ಟಿದ್ದಾರೆ. ನಾರ್ಮನ್ ದನಿಯ ಮುಂದೆ ಮಾತು ಹೊರಡುವುದಿಲ್ಲ, ನಿಜ. ನನ್ನ ಓಟು ಮಾತ್ರ ಬ್ಯೋಮ್ ಕಡೆಗೆ. ಅಲ್ಲಿ ಇಬ್ಬರು ಮುದುಕರು ನಿಜವಾಗಿ ನಡೆಯುತ್ತಿದ್ದಾರೆ, ಫ್ಲೂಟ್‌ಗಳಲ್ಲಿ ಬಾನಾಡಿಗಳು ಹಾರುತ್ತವೆ. ನಿಧಾನವಾದದ್ದೆಲ್ಲ ಆಳವಾದದ್ದು ಎಂಬ ಭ್ರಮೆ ಕೇಳುಗರಲ್ಲಿ ಬಹಳ ಬೇರೂರಿದೆ.

ಮಾತು ಇಲ್ಲಿಗೆ ನಿಲ್ಲಿಸಿದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವು.

ಸ್ಕೋರ್ ಓದಲು ಬಾರದವರು ಏನು ಮಾಡಬೇಕು, ಸಾರ್?

ಓದಬೇಕಿಲ್ಲ ಅಮ್ಮ, ಬೆರಳಿಟ್ಟು ಹಿಂಬಾಲಿಸಿದರೆ ಸಾಕು. ಐಎಂಎಸ್‌ಎಲ್‌ಪಿ ಎಂಬ ತಾಣದಲ್ಲಿ ಹಳೆಯ ಸ್ಕೋರ್‌ಗಳೆಲ್ಲ ಪುಕ್ಕಟೆ ಸಿಗುತ್ತವೆ. ಮೊದಲು ದಾರಿ ತಪ್ಪುತ್ತದೆ. ಆಗ ಟಿಂಪಾನಿಯ ಸಾಲೊಂದನ್ನೇ ನೋಡಿ, ಅದು ಬಹುಪಾಲು ಖಾಲಿ ಇರುತ್ತದೆ, ಬಂದಾಗ ತಪ್ಪದೆ ಗೊತ್ತಾಗುತ್ತದೆ. ಅಲ್ಲಿಂದ ಮತ್ತೆ ಹಿಡಿದುಕೊಳ್ಳಬಹುದು.

ಹೆಡ್‌ಫೋನ್ ಒಳ್ಳೆಯದೋ ಸ್ಪೀಕರೋ?

ಹೋಲಿಸಲು ಹೆಡ್‌ಫೋನ್, ಸುಖಪಡಲು ಸ್ಪೀಕರ್. ಒಂದು ಉದಾಹರಣೆ. ಕ್ಲೆಂಪರರ್, ಕಾರ್ಲೋಸ್ ಕ್ಲೈಬರ್ ಇಬ್ಬರೂ ಮೊದಲ ಪಿಟೀಲುಗಳನ್ನು ಎಡಕ್ಕೆ, ಎರಡನೇ ಪಿಟೀಲುಗಳನ್ನು ಬಲಕ್ಕೆ ಕೂರಿಸುತ್ತಿದ್ದರು. ಆ ಶುರುವಾತಿನ ಡಡಡಡಾಂ ಆದಮೇಲೆ ಅದೇ ತುಣುಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕೈ ಬದಲಾಯಿಸುವುದು ಹೆಡ್‌ಫೋನ್‌ನಲ್ಲಿ ಸ್ಪಷ್ಟ. ಎಲ್ಲ ಪಿಟೀಲುಗಳೂ ಎಡಕ್ಕೇ ಕೂತ ರೆಕಾರ್ಡಿಂಗ್‌ಗಳಲ್ಲಿ ಆ ಸಂವಾದ ಕಲಸಿಹೋಗುತ್ತದೆ.

ಮೊದಲು ಕೇಳಿದ್ದೇ ಯಾವಾಗಲೂ ಸರಿ ಎನಿಸುತ್ತದಲ್ಲ?

ಎನಿಸುತ್ತದೆ, ಮದ್ದಿಲ್ಲ. ಅದೇ ಕಂಡಕ್ಟರ್ ಇನ್ನೊಮ್ಮೆ ನುಡಿಸಿದ್ದನ್ನು ಕೇಳಿ, ಸ್ವಲ್ಪ ಸಡಿಲವಾಗುತ್ತದೆ. ಕರಾಯನ್ ಬೀಥೋವನ್ನನ ಒಂಬತ್ತೂ ಸಿಂಫನಿಗಳನ್ನು ಸ್ಟುಡಿಯೊದಲ್ಲಿ ನಾಲ್ಕು ಸಲ ಮುದ್ರಿಸಿದರು: 1950ರ ದಶಕದಲ್ಲಿ ಫಿಲ್ಹಾರ್ಮೋನಿಯಾ ಜೊತೆ, ಆಮೇಲೆ ಮೂರು ಸಲ ಬರ್ಲಿನ್‌ನಲ್ಲಿ. ‘ಕರಾಯನ್ ಶೈಲಿ’ ಎಂದು ಒಂದೇ ಉಸಿರಿನಲ್ಲಿ ಹೇಳುವವರು ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕ ಇಟ್ಟು ಕೇಳಬೇಕು.

ಐದನೇ ಸಿಂಫನಿಯದು ಒಂದೇ ಒಂದು ಇಟ್ಟುಕೊಳ್ಳಿ ಅಂದರೆ?

ಇಷ್ಟೆಲ್ಲ ಹೇಳಿದ ಮೇಲೂ ಇದನ್ನೇ ಕೇಳುತ್ತೀರಿ! ಎರಿಕ್ ಕ್ಲೈಬರ್, ಆಮ್‌ಸ್ಟರ್‌ಡ್ಯಾಮಿನ ಕಾನ್ಸರ್ಟ್‌ಖೆಬೌ ಆರ್ಕೆಸ್ಟ್ರಾ, 1953. ಕಾರ್ಲೋಸ್ ಅವರ ಅಪ್ಪ. ಮಗ ಅಪ್ಪನ ಗುರುತುಗಳಿದ್ದ ಸ್ಕೋರ್‌ಗಳನ್ನೇ ಅಭ್ಯಾಸ ಮಾಡುತ್ತಿದ್ದರು, ಕೇಳಿದರೆ ಗೊತ್ತಾಗುತ್ತದೆ. ಮಾನೋ ಮುದ್ರಣ, ಎಡಬಲ ಇಲ್ಲ, ಹೊಳಪೂ ಕಡಿಮೆ. ಆದರೆ ಕಾಲಪ್ರಮಾಣ ಹಿಡಿದರೆ ಬಿಡುವುದಿಲ್ಲ, ಊದುವ ವಾದ್ಯಗಳು ತಂತಿಗಳ ಅಡಿ ಮುಚ್ಚಿಹೋಗುವುದಿಲ್ಲ. ಮಗನದು ಯಾಕೆ ಬೇಡ ಅಂದರೆ, ಅದು ಈ ಸಭೆಯಲ್ಲಿರುವ ಅರ್ಧ ಜನರ ಮನೆಯಲ್ಲಿದೆ. ಬೇಕೆನಿಸಿದಾಗ ನಿಮ್ಮ ಮನೆಗೇ ಬರುತ್ತೇನೆ.